ರಸೀದಿ ಎಲ್ಲಿ ಸಿಸ್ಟರ್?

ಇವತ್ತು ರಾಜಕೀಯ ಬೇಡ. ಹಾಡು ಹೇಳಿ ಜಗತ್ತನ್ನೇ ಗೆದ್ದ ಒಬ್ಬ ಕ್ಯಾಥೊಲಿಕ್ ಸನ್ಯಾಸಿನಿಯ ಕಥೆ ಹೇಳ್ತೀನಿ, ಕೇಳಿ.

ಹೆಸರು ಜೆನೀನ್ ಡೆಕರ್ಸ್. ಬೆಲ್ಜಿಯಂನ ಬ್ರಸೆಲ್ಸ್‌ನವಳು, ಹುಟ್ಟಿದ್ದು 1933ರಲ್ಲಿ. 1959ರಲ್ಲಿ ವಾಟರ್‌ಲೂನ ಡೊಮಿನಿಕನ್ ಕಾನ್ವೆಂಟ್ ಸೇರಿದಳು. ಕೈಯಲ್ಲೊಂದು ಗಿಟಾರ್, ತಾನೇ ಕಟ್ಟಿದ ಹಾಡುಗಳು. ಸಂತ ಡೊಮಿನಿಕ್ ಮೇಲೆ ಆಕೆ ಬರೆದ ‘ಡೊಮಿನಿಕ್’ ಹಾಡು ರೆಕಾರ್ಡ್ ಆಯ್ತು. ಕವರ್ ಮೇಲೆ ಆಕೆಯ ಹೆಸರಿಲ್ಲ. ಬದಲಿಗೆ ‘ಸೂರ್ ಸೂರಿರ್’, ಅಂದ್ರೆ ನಗುವ ಸಿಸ್ಟರ್.

1963ರ ಡಿಸೆಂಬರ್. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ ಹತ್ಯೆಯಾಗಿ ಎರಡೇ ವಾರ ಕಳೆದಿತ್ತು. ಆ ಶೋಕದ ನಡುವೆ ಈ ಫ್ರೆಂಚ್ ಹಾಡು ಅಲ್ಲಿ ನಂಬರ್ ಒನ್ ಆಯ್ತು, ನಾಲ್ಕು ವಾರ ಅಲ್ಲೇ ಕೂತಿತು. ಗ್ರ್ಯಾಮಿ ಬಂತು. ಎಡ್ ಸಲಿವನ್ ಶೋನಲ್ಲಿ ಆಕೆ ಕಾಣಿಸಿಕೊಂಡಳು. 1966ರಲ್ಲಿ ಆಕೆಯ ಕಥೆಯಿಂದ ಹುಟ್ಟಿದ ಹಾಲಿವುಡ್ ಸಿನಿಮಾನೂ ಬಂತು.

ದುಡ್ಡು? ಬಡತನದ ವ್ರತ ತೊಟ್ಟವಳ ಕೈಗೆ ದುಡ್ಡು ಎಲ್ಲಿಂದ ಬರ್ಬೇಕು ಸ್ವಾಮಿ! ಹೋಗಿದ್ದು ಕಂಪನಿಗೆ, ಕಾನ್ವೆಂಟಿಗೆ.

ಅದೇ 1966ರಲ್ಲಿ ಆಕೆ ಕಾನ್ವೆಂಟ್ ಬಿಟ್ಟಳು. ‘ನಗುವ ಸಿಸ್ಟರ್’ ಅನ್ನೋ ಹೆಸರು ಬಳಸೋ ಹಕ್ಕೂ ಉಳಿಯಲಿಲ್ಲ. ಹೊಸ ಹೆಸರಲ್ಲಿ ಹಾಡಿದಳು. ಗರ್ಭನಿರೋಧಕ ಮಾತ್ರೆಯ ಪರವಾಗಿಯೂ ಒಂದು ಹಾಡು ಕಟ್ಟಿದಳು. ಜನ ಕೇಳಲಿಲ್ಲ. ಜನಕ್ಕೆ ಬೇಕಿದ್ದದ್ದು ಆ ಬಿಳಿ ಉಡುಪು, ಆ ನಗು.

ಹೊತ್ತಲ್ಲದ ಹೊತ್ತಲ್ಲಿ ಬಂದಿದ್ದು ತೆರಿಗೆ ಇಲಾಖೆ. ಹಳೇ ಹಾಡಿನ ಗಳಿಕೆಗೆ ಸುಮಾರು 63 ಸಾವಿರ ಡಾಲರ್ ಕಟ್ಟು ಅಂತು. ‘ದುಡ್ಡೆಲ್ಲ ಕಾನ್ವೆಂಟಿಗೆ ಕೊಟ್ಟಿದ್ದೀನಿ’ ಅಂದಳು ಆಕೆ. ಆದರೆ ರಸೀದಿ ಇರಲಿಲ್ಲ. ಸಾಲ ತೀರಿಸೋಕೆ 1982ರಲ್ಲಿ ಅದೇ ‘ಡೊಮಿನಿಕ್’ಗೆ ಹೊಸ ಕಾಲದ ಸಂಗೀತ ಹಾಕಿ ಮತ್ತೆ ಹಾಡಿದಳು. ಅದು ಓಡಲಿಲ್ಲ. ಗೆಳತಿಯ ಜೊತೆ ನಡೆಸುತ್ತಿದ್ದ ಆಟಿಸಂ ಮಕ್ಕಳ ಕೇಂದ್ರವೂ ಮುಚ್ಚಿತು. 1985ರ ಮಾರ್ಚ್‌ನಲ್ಲಿ ಆ ಇಬ್ಬರೂ ಒಟ್ಟಿಗೆ ಪ್ರಾಣ ಕಳೆದುಕೊಂಡರು. ಜೆನೀನ್‌ಗೆ ಆಗ 51 ವರ್ಷ.

ಇದನ್ನ ನಾನ್ಯಾಕೆ ಹೇಳ್ತಿದ್ದೀನಿ ಗೊತ್ತಾ? ಕೆಲವು ವರ್ಷಗಳ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಹಾಡ್ತಿದ್ದ ಒಬ್ಬ ಹುಡುಗನ ವಿಡಿಯೊ ವೈರಲ್ ಆಯ್ತು. ಸ್ಟುಡಿಯೊಗೆ ಕರೆಸಿದ್ವಿ. ಅವನ ಅಮ್ಮ ಪಕ್ಕದಲ್ಲಿ ಕೂತು ಅತ್ತರು. ಆ ವಾರ ಟಿಆರ್‌ಪಿ ಚೆನ್ನಾಗೇ ಬಂತು, ನನಗೂ ಶಹಬ್ಬಾಸ್‌ಗಿರಿ ಸಿಕ್ತು. ಅವನಿಗೆ ಕೊಟ್ಟಿದ್ದು ಒಂದು ಶಾಲು, ಹಾರ, ಹೋಗಿಬರುವ ಬಸ್ ಚಾರ್ಜು. ಆಮೇಲೆ ಅವನು ಎರಡು ಸಲ ಫೋನ್ ಮಾಡಿದ್ದ. ನಾನು ಎತ್ತಲಿಲ್ಲ. ಬುಲೆಟಿನ್ ಇತ್ತು ಅಂತ ನನಗೆ ನಾನೇ ಹೇಳ್ಕೊಂಡೆ.

ಜೆನೀನ್ ಕಥೆ ಓದಿದ ರಾತ್ರಿ ಆ ನಂಬರ್ ಹುಡುಕಿದೆ. ಚಾಲ್ತಿಯಲ್ಲಿಲ್ಲ.

ನಾಳೆ ನಿಮ್ಮ ಮೊಬೈಲಲ್ಲೂ ಇನ್ಯಾವುದೋ ಹೊಸ ದನಿ ಬರುತ್ತೆ. ಶೇರ್ ಮಾಡಿ, ಬೇಡ ಅನ್ನಲ್ಲ. ಆದರೆ ಆ ಹಾಡಿನ ದುಡ್ಡು ಯಾರ ಖಾತೆಗೆ ಹೋಗ್ತಿದೆ ಅಂತ ಒಮ್ಮೆ ಕೇಳಿ. ನಮ್ಮಂಥ ಚಾನೆಲ್‌ನವರನ್ನೂ ಕೇಳಿ.