ವಿಸ್ಮಯದ ನಿಯಮ, ವಿಸ್ಮಯದ ಬೆಲೆ: ವಿಜ್ಞಾನಕಥೆ ಮತ್ತು ಅದ್ಭುತಕಥೆಗಳ ರಚನೆಯನ್ನು ಕುರಿತು

1. ಪ್ರವೇಶ

ಇಲ್ಲದ ಲೋಕವೊಂದನ್ನು ಕಟ್ಟಿ ಓದುಗರು ಅದನ್ನು ನಂಬುವಂತೆ ಮಾಡುವುದು ಹೇಗೆ ಎಂಬುದೇ ವಿಜ್ಞಾನಕಥೆ ಮತ್ತು ಅದ್ಭುತಕಥೆ ಎಂಬ ಎರಡೂ ಪ್ರಕಾರಗಳ ಮೂಲ ಪ್ರಶ್ನೆ. ತಿಳಿದಿರುವ ವೈಜ್ಞಾನಿಕ ನಿಯಮಗಳಿಂದ ಹೊರಟು, ಇನ್ನೂ ಕೈಗೂಡದ ಒಂದು ಸಾಧ್ಯತೆಯನ್ನು ಮುಂದಿಟ್ಟುಕೊಂಡು, ಅದರಿಂದ ಮನುಷ್ಯರ ಬಾಳಿನಲ್ಲಿ ಏನೇನು ಬದಲಾಗುತ್ತದೆ ಎಂದು ಶೋಧಿಸುವುದು ವಿಜ್ಞಾನಕಥೆ. ಶಾಪ, ಮಂತ್ರ, ರೂಪಾಂತರಗಳಂಥ ವಿಜ್ಞಾನ ಒಪ್ಪದ ಸಂಗತಿಗಳನ್ನು ತನ್ನ ಲೋಕದ ಸಹಜ ಧರ್ಮವೆಂದೇ ಇಟ್ಟುಕೊಂಡು ನಡೆಯುವುದು ಅದ್ಭುತಕಥೆ, ಅಂದರೆ ಇಂದು ಫ್ಯಾಂಟಸಿ ಎಂದು ರೂಢಿಯಲ್ಲಿರುವ ಪ್ರಕಾರ.

ಕಾವ್ಯವನ್ನು ಓದುವವರು ತಮ್ಮ ಅಪನಂಬಿಕೆಯನ್ನು ತಾವಾಗಿಯೇ ಬದಿಗಿಡುತ್ತಾರೆ ಎಂಬ ವಿಚಾರವನ್ನು ಇಂಗ್ಲಿಷ್ ಕವಿ ಕೋಲ್‌ರಿಜ್ 1817ರಲ್ಲಿ ಮಂಡಿಸಿದ್ದರು. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಆಂಡ್ರೂ ಲ್ಯಾಂಗ್ ಹೆಸರಿನ ಉಪನ್ಯಾಸವನ್ನು ನೀಡಿದ ಜೆ.ಆರ್.ಆರ್. ಟೋಲ್ಕಿನ್ ಇದನ್ನು ಒಪ್ಪಲಿಲ್ಲ. ಕಥೆಗಾರ ಕಟ್ಟಿದ ಲೋಕ ತನ್ನ ನಿಯಮಗಳಿಗೆ ತಾನೇ ಬದ್ಧವಾಗಿದ್ದರೆ ಓದುಗರು ಅದರೊಳಗೆ ಇರುವಷ್ಟು ಹೊತ್ತು ನಿಜವಾಗಿ ನಂಬುತ್ತಾರೆ, ಅಪನಂಬಿಕೆಯನ್ನು ಒತ್ತಾಯದಿಂದ ಅದುಮಿಡಬೇಕಾಗಿ ಬಂದರೆ ಕಥೆ ಆಗಲೇ ಸೋತಿದೆ ಎಂಬುದು ಅವರ ವಾದದ ತಿರುಳು. ಈ ವಾದಕ್ಕೆ ಇನ್ನೆರಡು ಮಾತುಗಳನ್ನು ಸೇರಿಸುವುದು ಪ್ರಸ್ತುತ ಉಪನ್ಯಾಸದ ಉದ್ದೇಶ: ನಿಯಮವಿದ್ದರೆ ಸಾಲದು, ಪ್ರತಿಯೊಂದು ವಿಸ್ಮಯಕ್ಕೂ ಒಂದು ಬೆಲೆ ಇರಬೇಕು, ಆ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಕಥೆ ಕಾಣಿಸಬೇಕು. ಇದನ್ನು ಕಲಿಯಲು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ನೆಲವೇ ಸಾಕಷ್ಟು ಪಾಠಗಳನ್ನು ಒದಗಿಸುತ್ತದೆ.

2. ಬೆಲೆಯನ್ನು ತೆರುವವರು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಎರಡು ಗುಡ್ಡಗಳ ನಡುವಣ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ, ಶತಮಾನಗಳಿಂದ ಬಾಳಿಕೊಂಡು ಬಂದಿರುವ ಕೆರೆ. ಸಿದ್ಧ ಮತ್ತು ಬಸವ ಎಂಬ ಹೆಸರಿನ ಎರಡು ತೂಬುಗಳಿಂದ ಅದರ ನೀರು ಅಚ್ಚುಕಟ್ಟಿಗೆ ಹರಿಯುತ್ತದೆ. ಈ ಕೆರೆಯ ಜಾಗದಲ್ಲಿ ಹಿಂದೆ ಸ್ವರ್ಗಾವತಿ ಎಂಬ ಪಟ್ಟಣವಿತ್ತೆಂದೂ, ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ ಅಲ್ಲಿ ನೆಲೆಸಿದ್ದ ಸೂಳೆಯರು ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಷರತ್ತಿನ ಮೇಲೆ ನೆಲ ಬಿಟ್ಟುಕೊಟ್ಟರೆಂದೂ ಜನಪದ ಕಥೆ ಹೇಳುತ್ತದೆ.

ಕಥನಕಲೆಯ ದೃಷ್ಟಿಯಿಂದ ಈ ಐತಿಹ್ಯ ಅಸಾಮಾನ್ಯವಾದುದು. ಮುಳುಗಿದ ಪಟ್ಟಣ, ರಾಜಕುಮಾರಿಯ ಸಂಕಲ್ಪ ಎಂಬಂಥ ಅಂಶಗಳು ಅನೇಕ ನಾಡುಗಳ ಕಥೆಗಳಲ್ಲಿ ಸಿಗುತ್ತವೆ. ಆದರೆ ಇಲ್ಲಿ ಸಮಾಜ ಕೀಳಾಗಿ ಕಂಡ ಹೆಂಗಸರು ಕೆರೆಯ ನೀರಿಗೆ ತಮ್ಮ ನೆಲವನ್ನು ಕೊಡುವ ಮೊದಲು ಅರಮನೆಯೊಂದಿಗೆ ಚೌಕಾಸಿ ಮಾಡುತ್ತಾರೆ, ಗೆಲ್ಲುತ್ತಾರೆ, ಕಟ್ಟಿಸಿದವಳ ಹೆಸರಿಗಿಂತ ಬಿಟ್ಟುಕೊಟ್ಟವರ ಹೆಸರು ಜನರ ಬಾಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಇದರ ಪಕ್ಕದಲ್ಲಿ ‘ಕೆರೆಗೆ ಹಾರ’ ಎಂಬ ಪ್ರಸಿದ್ಧ ಕಥನಗೀತೆಯನ್ನು ಇಟ್ಟು ನೋಡಬೇಕು. ಅಲ್ಲಿಯೂ ನಿಯಮ ಖಚಿತವಾಗಿದೆ, ನರಬಲಿಯಿಲ್ಲದೆ ನೀರು ಬಾರದು; ಬೆಲೆಯೂ ಖಚಿತವಾಗಿದೆ, ಕೆರೆ ಕಟ್ಟಿಸಿದ ಮನೆಯ ಕಿರಿಯ ಸೊಸೆ ಭಾಗೀರಥಿಯ ಪ್ರಾಣ. ಆದರೆ ಆ ಬೆಲೆಯನ್ನು ನಿಗದಿ ಮಾಡಿದವರು ಅವಳನ್ನು ಕೇಳಲಿಲ್ಲ, ಅವಳಿಗೆ ಹೇಳಲೂ ಇಲ್ಲ. ಗೀತೆಯ ಕರುಣರಸವೆಲ್ಲ ಹುಟ್ಟುವುದು ಈ ಮೌನದಿಂದಲೇ. ಹೊಸ ಬರಹಗಾರರು ತಮ್ಮ ಕಥೆಯಲ್ಲಿ ಮಂತ್ರಶಕ್ತಿಯನ್ನೋ ಯಂತ್ರಶಕ್ತಿಯನ್ನೋ ತಂದಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆಗಳು ಇಲ್ಲಿವೆ: ಈ ಶಕ್ತಿಗೆ ಏನನ್ನು ತೆರಬೇಕು, ತೆರುವವರು ಯಾರು, ಅವರನ್ನು ಯಾರಾದರೂ ಕೇಳಿದರೇ? ಬೇಡಿದ್ದೆಲ್ಲವನ್ನೂ ಪುಕ್ಕಟೆಯಾಗಿ ಕೊಡುವ ಶಕ್ತಿ ಕಥೆಯಲ್ಲಿದ್ದರೆ ಪಾತ್ರಗಳಿಗೆ ಆಯ್ಕೆಯ ಸಂಕಟವೇ ಉಳಿಯುವುದಿಲ್ಲ, ಸಂಕಟವಿಲ್ಲದ ಕಡೆ ಕಥೆಯೂ ಇಲ್ಲ.

3. ಕಲ್ಪಿತ ಜೀವಿಯ ದಿನಚರಿ

ಲೋಕಕ್ಕೆ ನಿಯಮ ಬೇಕಾದಂತೆ ಅದರೊಳಗಿನ ಕಲ್ಪಿತ ಜೀವಿಗಳಿಗೂ ನಿಯಮ ಬೇಕು; ಇದಕ್ಕೆ ನಿಜವಾದ ಪ್ರಾಣಿಯೊಂದನ್ನೇ ಮಾದರಿಯಾಗಿ ನೋಡಬಹುದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಕೊಂಡುಕುರಿ ನಾಲ್ಕು ಕೊಂಬಿನ ಸಣ್ಣ ಜಿಂಕೆಯಂಥ ಪ್ರಾಣಿ. ಕೊಂಬಿರುವುದು ಗಂಡಿಗೆ ಮಾತ್ರ, ಕಿವಿಗಳ ನಡುವೆ ಒಂದು ಉದ್ದ ಜೋಡಿ, ಹಣೆಯ ಮೇಲೆ ಒಂದು ಗಿಡ್ಡ ಜೋಡಿ. ಅದು ಹಿಂಡು ಕಟ್ಟಿಕೊಳ್ಳದೆ ಒಂಟಿಯಾಗಿಯೋ ಜೋಡಿಯಾಗಿಯೋ ತಿರುಗುತ್ತದೆ, ನೀರಿನ ಆಸರೆಯಿಂದ ಬಹುದೂರ ಹೋಗುವುದಿಲ್ಲ, ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಕಲ್ಪನೆಯಿಂದ ಪ್ರಾಣಿಯನ್ನು ಸೃಷ್ಟಿಸುವ ಬರಹಗಾರರು ಬಹುತೇಕ ಕೊಂಬು, ರೆಕ್ಕೆ, ಬೆಂಕಿಯ ಉಸಿರು ಎಂದು ಅಂಗಗಳನ್ನು ಪೇರಿಸುವುದರಲ್ಲಿಯೇ ನಿಲ್ಲುತ್ತಾರೆ. ಆದರೆ ನಾಲ್ಕು ಕೊಂಬಿನ ಈ ಪ್ರಾಣಿ ಓದುವವರ ಮನಸ್ಸಿನಲ್ಲಿ ಜೀವ ತಳೆಯುವುದು ಕೊಂಬುಗಳ ಲೆಕ್ಕದಿಂದಲ್ಲ, ನೀರಿನ ಹಂಗು ಮತ್ತು ಹಿಕ್ಕೆಯ ಜಾಗಗಳಿಂದ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಹುಡುಕಾಟ ನಂಬಿಕೆಗೆ ಪಾತ್ರವಾಗುವುದೂ ಅದರ ಸುತ್ತಲಿನ ಜೇನು, ಜಮೀನು, ಜಗಳ, ಕೋರ್ಟು ಕಚೇರಿಗಳೆಲ್ಲ ಅಪ್ಪಟ ದಿನನಿತ್ಯದವೇ ಆಗಿರುವುದರಿಂದ.

4. ಒಂದು ಬದಲಾವಣೆ, ಹಲವು ಪರಿಣಾಮ

ವಿಜ್ಞಾನಕಥೆಯಲ್ಲಿ ತರುವ ಹೊಸ ಸಂಗತಿಯನ್ನು ವಿಮರ್ಶಕ ಡಾರ್ಕೊ ಸುವಿನ್ ‘ನೋವಮ್’ ಎಂದು ಕರೆದರು. ಕಥೆಯ ಲೋಕವನ್ನು ಓದುಗರ ಲೋಕದಿಂದ ಬೇರ್ಪಡಿಸುವ ಹೊಸತು ಎಂದು ಅದರ ತಾತ್ಪರ್ಯ. ಅದು ಒಂದೇ ಆಗಿದ್ದು, ಅದರ ಪರಿಣಾಮಗಳು ಹಲವಾಗಿದ್ದರೆ ಕಥೆಗೆ ಬಲ ಬರುತ್ತದೆ.

ಬರಪೀಡಿತ ಜಗಳೂರಿನಲ್ಲಿ ರಾತ್ರಿಯ ಗಾಳಿಯಿಂದ ನೀರು ಹಿಂಡುವ ತಗಡೊಂದು ಮಾರಾಟಕ್ಕೆ ಬಂದಿದೆ ಎಂದು ಕಲ್ಪಿಸಿಕೊಳ್ಳಬಹುದು. ಅನನುಭವಿ ಬರಹಗಾರರು ತಗಡಿನ ರಚನೆಯನ್ನು ನಾಲ್ಕು ಪುಟ ವಿವರಿಸಿ, ಊರು ಹಸಿರಾಯಿತೆಂದು ಕಥೆ ಮುಗಿಸಿಬಿಡುತ್ತಾರೆ. ನುರಿತವರು ತಗಡನ್ನು ಎರಡು ವಾಕ್ಯದಲ್ಲಿ ಮುಗಿಸಿ ಮುಂದಿನ ಪ್ರಶ್ನೆಗಳಿಗೆ ಹೋಗುತ್ತಾರೆ: ಬೋರ್‌ವೆಲ್ ಲಾರಿಯವನು ಈಗ ಏನು ಮಾಡುತ್ತಾನೆ? ಟ್ಯಾಂಕರ್ ನೀರು ಕೊಂಡು ತೋಟ ಉಳಿಸಿಕೊಳ್ಳುತ್ತಿದ್ದ ಚನ್ನಗಿರಿಯ ಅಡಿಕೆ ಬೆಳೆಗಾರ ಜಗಳೂರಿನ ಜಮೀನಿಗೆ ಎಷ್ಟು ಬೆಲೆ ಕಟ್ಟುತ್ತಾನೆ? ಮನೆಗೆ ಸ್ವಂತ ಮಾಳಿಗೆಯಿಲ್ಲದವರು ತಗಡನ್ನು ಎಲ್ಲಿ ಹಾಸಬೇಕು? ಪಕ್ಕದೂರಿನ ಗಾಳಿಯ ತೇವವನ್ನೂ ಈ ಊರೇ ಹೀರಿಕೊಂಡರೆ ಅಲ್ಲಿನ ರಾಗಿಗೆ ಇಬ್ಬನಿ ಉಳಿಯುತ್ತದೆಯೇ? ಪ್ರತಿಯೊಂದು ಪ್ರಶ್ನೆಯೂ ಒಬ್ಬ ಮನುಷ್ಯನ ಮನೆಬಾಗಿಲಿಗೆ ಹೋಗಿ ನಿಲ್ಲುವುದರಿಂದ ಪ್ರತಿಯೊಂದರಲ್ಲಿಯೂ ಒಂದು ಪಾತ್ರ ಅಡಗಿದೆ. ತುಂಗಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ ಜಗಳೂರು ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆಯೂ ಎರಡು ತಲೆಮಾರಿನ ಹಿಂದಿನವರಿಗೆ ಹೇಳಿದ್ದರೆ ವಿಜ್ಞಾನಕಥೆಯಂತೆಯೇ ಕೇಳಿಸುತ್ತಿತ್ತು. ಆದ್ದರಿಂದ ಇಂಥ ಕಥೆ ಬರೆಯುವವರಿಗೆ ಜಾಕ್‌ವೆಲ್, ಪೈಪ್‌ಲೈನು, ಕರೆಂಟಿನ ಪಾಳಿ, ನೀರಗಂಟಿಯ ಕೆಲಸ ಇವುಗಳ ಅರಿವು ಅನ್ಯಗ್ರಹಗಳ ಅರಿವಿನಷ್ಟೇ ಅಗತ್ಯ.

5. ಮಾಹಿತಿ, ಜನ ಮತ್ತು ನುಡಿ

ಕಲ್ಪಿತ ಲೋಕದ ನಿಯಮಗಳನ್ನು ಓದುಗರಿಗೆ ತಿಳಿಸುವುದು ಹೇಗೆ ಎಂಬ ತೊಡಕಿಗೆ ಹೊನ್ನಾಳಿಯ ತುಂಗಭದ್ರಾ ಹೊಳೆಯಲ್ಲಿ ಉತ್ತರವಿದೆ. ಮಲೆನಾಡಿನಲ್ಲಿ ಮಳೆ ಹಿಡಿದು ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ನೀರು ಬಿಟ್ಟರೆ, ಕೆಳಗಿನ ಹೊನ್ನಾಳಿಯಲ್ಲಿ ಹನಿ ಬೀಳದ ದಿನವೂ ಕೆಲವು ಗಂಟೆಗಳ ತರುವಾಯ ಹೊಳೆ ಏರುತ್ತದೆ. ಆ ಕೆಲವು ಗಂಟೆಗಳಲ್ಲಿ ತಗ್ಗಿನ ಮನೆಯವರು ಅಟ್ಟಕ್ಕೆ ಮೊದಲು ಏರಿಸುವುದು ಅಕ್ಕಿಯ ಮೂಟೆಯನ್ನೋ, ಶಾಲೆಯ ಪುಸ್ತಕವನ್ನೋ, ಜಮೀನಿನ ಪತ್ರವನ್ನೋ ಎಂಬುದನ್ನು ತೋರಿಸಿದರೆ ಹೊಳೆಯ ನಿಯಮವೂ ಮನೆಯವರ ಸ್ಥಿತಿಯೂ ಒಟ್ಟಿಗೇ ತಿಳಿಯುತ್ತವೆ, ನಡುವೆ ಯಾರೂ ಭಾಷಣ ಮಾಡಬೇಕಾಗಿಲ್ಲ.

ಕಲ್ಪಿತ ಜನಾಂಗವನ್ನು ಚಿತ್ರಿಸುವಾಗಲೂ ಇದೇ ಶ್ರದ್ಧೆ ಬೇಕು. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ ಆರಾಧ್ಯರಾದ ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬಲಾಗಿದೆ. ಎತ್ತುಗಳ ಮೇಲೆ ಧಾನ್ಯ ಮತ್ತು ಉಪ್ಪನ್ನು ಹೇರಿಕೊಂಡು ನಾಡಿನುದ್ದಕ್ಕೂ ಸಾಗಿಸಿದ ಈ ಜನರ ಕಸೂತಿ ಮತ್ತು ಕುಣಿತಗಳನ್ನಷ್ಟೇ ಎತ್ತಿಕೊಂಡು ಬೇರೊಂದು ಗ್ರಹದ ಜನರಿಗೆ ತೊಡಿಸಿದರೆ ಅದು ಬರಿಯ ವೇಷವಾಗುತ್ತದೆ. ಸಾಗಾಟದ ದಾರಿ, ತಂಗುವ ಜಾಗ, ಅವರ ನೆಲೆಯಾದ ತಾಂಡಾದ ಪಂಚಾಯಿತಿ, ಅವರದೇ ಆದ ನುಡಿ ಇವು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಅರಿತವರು ಮಾತ್ರ ಹೊಸ ಜನಾಂಗವೊಂದಕ್ಕೆ ಅಷ್ಟೇ ಗಟ್ಟಿಯಾದ ಹೆಣಿಗೆಯನ್ನು ಕೊಡಬಲ್ಲರು.

6. ಸಮಾರೋಪ

ಚಂದ್ರಶೇಖರ ಕಂಬಾರರ ಕೃತಿಗಳ ಕಲ್ಪಿತ ಊರಾದ ಶಿವಾಪುರ, ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕ, ರಾಜಶೇಖರ ಭೂಸನೂರಮಠರ ವಿಜ್ಞಾನಕಥೆಗಳು ಕನ್ನಡಕ್ಕೆ ಈ ದಾರಿ ಹೊಸದಲ್ಲವೆಂಬುದಕ್ಕೆ ಸಾಕ್ಷಿಯಾಗಿವೆ. ಈ ತಾಲ್ಲೂಕುಗಳ ಕಾಲೇಜುಗಳಲ್ಲಿ ಬರೆಯಲು ತೊಡಗಿರುವ ಯುವಕ ಯುವತಿಯರು ಮೊದಲ ಪುಟಕ್ಕೆ ಮುನ್ನ ತಮ್ಮ ಲೋಕದ ನಿಯಮ, ಅದರ ಬೆಲೆ, ಆ ಬೆಲೆ ತೆರುವವರು ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು; ಕರಡು ಮುಗಿದ ಮೇಲೆ ಅದನ್ನು ಸಾಹಿತ್ಯ ಬಲ್ಲವರಿಗಷ್ಟೇ ಅಲ್ಲದೆ, ಕಥೆಯಲ್ಲಿ ಬರುವ ಕೆಲಸವನ್ನು ಕೈಯಾರೆ ಮಾಡುವವರಿಗೂ ಓದಿ ಹೇಳಬೇಕು. ನೀರು ಯಾರಿಗೆ ಸಲ್ಲಬೇಕು, ಯಾರ ನೆಲ ಮುಳುಗಬೇಕು ಎಂಬ ತೀರ್ಮಾನಗಳು ಬರಲಿರುವ ದಶಕಗಳಲ್ಲಿ ಈ ಜಿಲ್ಲೆಯಲ್ಲಿ ಇನ್ನೂ ಕಠಿಣವಾಗಲಿವೆ. ಅವು ಕಾಗದದ ಮೇಲೆ ಯೋಜನೆಗಳಾಗುವ ಮೊದಲೇ, ಬೆಲೆ ತೆರಬೇಕಾದವರ ಮಾತನ್ನು ಆಲಿಸಿ ಕಥೆಯಾಗಿಸಬಲ್ಲ ಬರಹಗಾರರು ಈ ನಾಡಿಗೆ ಬೇಕಾಗಿದ್ದಾರೆ.