ಮಿತ್ರನೆಂದರೆ ಯಾರು?

(ಉಪನ್ಯಾಸದ ಬರಹರೂಪ)

ಸ್ನೇಹಿತರೆ,

'ಮಿತ್ರರೆ' ಎಂದೇ ಕರೆದಿದ್ದರೆ ನೇರವಾಗಿ ಇಂದಿನ ವಿಷಯಕ್ಕೇ ಬಂದಂತಾಗುತ್ತಿತ್ತು. ಕನ್ನಡದಲ್ಲಿ ಮಿತ್ರ ಎಂದರೆ ಗೆಳೆಯ. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಸಂಸ್ಕೃತ ಕಲಿಯಲು ಕುಳಿತ ಹುಡುಗ ಇಲ್ಲೊಂದು ತೊಡಕಿಗೆ ಸಿಕ್ಕಿಬೀಳುತ್ತಾನೆ. ಅಲ್ಲಿ ಗೆಳೆಯನೆಂಬ ಅರ್ಥದ 'ಮಿತ್ರಂ' ನಪುಂಸಕಲಿಂಗ! ಪುಲ್ಲಿಂಗದ ಮಿತ್ರನೋ ಸೂರ್ಯ, ಇಲ್ಲವೇ ವೇದದ ಒಬ್ಬ ದೇವತೆ. ಜೀವವಿರುವ ಗೆಳೆಯ ನಪುಂಸಕವಾದದ್ದು ಹೇಗೆ? ಮೇಷ್ಟರು 'ಅದು ಹಾಗೆಯೇ, ಬಾಯಿಪಾಠ ಮಾಡು' ಎಂದು ಮುಂದೆ ಹೋಗುತ್ತಾರೆ.

ಆದರೆ ಕಾರಣ ಆ ಪದದೊಳಗೇ ಇದೆ. ವಸ್ತ್ರ, ಪಾತ್ರ, ಯಂತ್ರ, ಮಂತ್ರ ಈ ಪದಗಳನ್ನು ನೋಡಿ. ಕೊನೆಯ 'ತ್ರ' ಸಾಧನವನ್ನು ಸೂಚಿಸುತ್ತದೆ. ಉಡುವುದಕ್ಕೆ ವಸ್ತ್ರ, ಕುಡಿಯುವುದಕ್ಕೆ ಪಾತ್ರ. ಹಾಗಾದರೆ ಮಿತ್ರ? ಜನರನ್ನು ಒಬ್ಬರಿಗೊಬ್ಬರು ಕಟ್ಟುವ ಸಾಧನ, ಅಂದರೆ ಕೊಟ್ಟ ಮಾತು, ಒಪ್ಪಂದ. 1907ರಲ್ಲಿ ಫ್ರೆಂಚ್ ಭಾಷಾಶಾಸ್ತ್ರಜ್ಞ ಆಂಟ್ವಾನ್ ಮೆಯೆ ಈ ವಿವರಣೆಯನ್ನು ಮುಂದಿಟ್ಟರು. ಎಲ್ಲರೂ ಒಪ್ಪಿದರೆಂದಲ್ಲ, ವೇದದ ಮಿತ್ರನಲ್ಲಿ ಸ್ನೇಹವೇ ಪ್ರಧಾನವೆಂದು ಡಚ್ ವಿದ್ವಾಂಸ ಖೋಂಡಾ ವಾದಿಸಿದರು. ನನಗೆ ಮೆಯೆ ಹೇಳಿದ್ದೇ ಸರಿಯೆನಿಸುತ್ತದೆ. ಅದಕ್ಕೆ ಬಲವಾದ ಸಾಕ್ಷಿ ದೂರದ ಟರ್ಕಿಯಲ್ಲಿದೆ.

ಅಲ್ಲಿನ ಬೊಘಾಜ್‌ಕೊಯ್ ಎಂಬಲ್ಲಿ 1906ರಿಂದ ನಡೆದ ಉತ್ಖನನದಲ್ಲಿ ಬೆಣೆಲಿಪಿಯ ಜೇಡಿಮಣ್ಣಿನ ಫಲಕಗಳು ದೊರೆತವು. ಅವುಗಳಲ್ಲಿ ಕ್ರಿ.ಪೂ. 14ನೆಯ ಶತಮಾನದ ಒಂದು ಒಪ್ಪಂದವಿದೆ. ಮಿತನ್ನಿಯ ರಾಜಕುಮಾರ ಶತ್ತಿವಾಜ ತಂದೆಯ ಕೊಲೆಯ ನಂತರ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನ ಆಶ್ರಯಕ್ಕೆ ಬಂದು, ಅವನ ಮಗಳನ್ನು ಮದುವೆಯಾಗಿ, ಈ ಒಪ್ಪಂದ ಮಾಡಿಕೊಂಡ. ಮಾತಿಗೆ ತಪ್ಪಿದವನನ್ನು ದಂಡಿಸಬೇಕಾದ ದೇವತೆಗಳ ಉದ್ದನೆಯ ಪಟ್ಟಿಯಲ್ಲಿ ನಮ್ಮ ಕಿವಿಗೆ ಪರಿಚಿತವಾದ ಹೆಸರುಗಳು ಕೇಳಿಸುತ್ತವೆ: ಮಿತ್ರ, ವರುಣ, ಇಂದ್ರ, ನಾಸತ್ಯರು. ಮಿತನ್ನಿಯ ಜನರ ಮುಖ್ಯ ಭಾಷೆ ಹುರ್ರಿಯನ್. ನಮ್ಮದಕ್ಕೆ ಅದರ ನಂಟೇ ಇಲ್ಲ. ಆದರೂ ಆಣೆಯಿಡಲು ಮಿತ್ರ ಬೇಕಾದ!

ಇನ್ನು ಋಗ್ವೇದ. ಅಲ್ಲಿ ಮಿತ್ರ ಸಾಮಾನ್ಯವಾಗಿ ವರುಣನ ಜೊತೆಗಾರ. ಅವನೊಬ್ಬನಿಗೇ ಮೀಸಲಾದದ್ದು ಒಂದೇ ಸೂಕ್ತ, ಮೂರನೆಯ ಮಂಡಲದಲ್ಲಿ. ಜನರನ್ನು ತಂತಮ್ಮ ನೆಲೆಯಲ್ಲಿ ನಿಲ್ಲಿಸಿ, ಕಣ್ಣು ಮಿಟುಕಿಸದೆ ಅವರನ್ನು ನೋಡುತ್ತಿರುವವನು ಅವನು. ಯಜುರ್ವೇದಿಗಳ ಸಂಧ್ಯಾವಂದನೆಯಲ್ಲಿ ಬೆಳಗಿನ ಉಪಸ್ಥಾನ ಇಂದಿಗೂ ಮಿತ್ರನಿಗೆ, ಸಂಜೆಯದು ವರುಣನಿಗೆ.

ತೈತ್ತಿರೀಯ ಸಂಹಿತೆಯಲ್ಲಿ ಅವನ ಬಗ್ಗೆ ಒಂದು ಸಣ್ಣ ಕಥೆಯಿದೆ. ಸೋಮನನ್ನು ಕೊಲ್ಲೋಣ ಬಾ ಎಂದು ದೇವತೆಗಳು ಮಿತ್ರನನ್ನು ಕರೆದರು. ತಾನು ಎಲ್ಲರಿಗೂ ಮಿತ್ರ, ಆಗದು ಎಂದ. ಅವರು ಬಿಡಲಿಲ್ಲ, ಕೊನೆಗೆ ತನಗಾಗಿ ಸೋಮಕ್ಕೆ ಹಾಲು ಬೆರೆಸಬೇಕೆಂಬ ವರ ಕೇಳಿ ಒಪ್ಪಿದ. ಮಿತ್ರನಾಗಿದ್ದೂ ಕ್ರೂರ ಕೆಲಸ ಮಾಡಿದನೆಂದು ಪಶುಗಳು ಅವನನ್ನು ಬಿಟ್ಟು ಹೋದವು. ಸೋಮಯಾಗದಲ್ಲಿ ಮಿತ್ರಾವರುಣರ ಪಾತ್ರೆಗೆ ಹಾಲು ಬೆರೆಸುವುದಕ್ಕೆ ಇದೇ ಕಾರಣವಂತೆ. ಹೆಸರಿಗೆ ತಕ್ಕಂತೆ ನಡೆಯದಿದ್ದರೆ ದೇವರಿಗೂ ನಷ್ಟ ತಪ್ಪಲಿಲ್ಲ.

ಇರಾನಿನಲ್ಲಿ ಇವನೇ ಮಿಥ್ರ. ಪ್ರತಾಪ ಮಾತ್ರ ಬಹಳ ಹೆಚ್ಚು. ಪಾರ್ಸಿಗಳ ಅವೆಸ್ತಾದ ಹತ್ತನೆಯ ಯಶ್ತ್ ಇಡೀ ಅವನದೇ. ಅವನಿಗೆ ಸಾವಿರ ಕಿವಿ, ಹತ್ತು ಸಾವಿರ ಕಣ್ಣು. ದುಷ್ಟನಿಗೆ ಕೊಟ್ಟ ಮಾತನ್ನೂ ಮುರಿಯಕೂಡದೆಂಬುದು ಅಲ್ಲಿನ ಕಟ್ಟಳೆ. ಅವೆಸ್ತಾದ ಭಾಷೆಯಲ್ಲಿ 'ಮಿಥ್ರ' ಎಂದರೆ ಒಪ್ಪಂದವೆಂದೇ ಅರ್ಥ. ಮುಂದೆ ಆ ಹೆಸರು ಸವೆದು 'ಮಿಹ್ರ್', 'ಮೆಹರ್' ಆಯಿತು. ಸೂರ್ಯ, ಪ್ರೀತಿ ಎರಡೂ ಆಯಿತು. ಕುಶಾನ ದೊರೆ ಕನಿಷ್ಕನ ನಾಣ್ಯದಲ್ಲಿ 'ಮಿಇರೋ' ಎಂಬ ಸೂರ್ಯದೇವನಿದ್ದಾನೆ. ಸಂಸ್ಕೃತಕ್ಕೆ ಅದೇ ಪದ 'ಮಿಹಿರ'ನಾಗಿ ಮರಳಿತು. 6ನೆಯ ಶತಮಾನದ ಜ್ಯೋತಿಷಿ ವರಾಹಮಿಹಿರನ ಹೆಸರಿನಲ್ಲಿರುವುದು ಇದೇ ಮಿಹಿರ. ಹೊರಗೆ ಸುತ್ತಾಡಿ ಬಂದ ಮನೆಮಗನ ಗುರುತು ಮನೆಯವರಿಗೇ ಸಿಗದಂತಾಯಿತು!

ಬೌದ್ಧರು ಮುಂದೆ ಬರುವ ಬುದ್ಧನನ್ನು ಮೈತ್ರೇಯ ಎನ್ನುತ್ತಾರೆ. ಆ ಹೆಸರಿನ ಬೇರು ಮೈತ್ರಿ. ಅಲ್ಲಿ ಕರಾರಿನ ಗಂಟು ಸಡಿಲಗೊಂಡು ಕರುಣೆ ಉಳಿದಿದೆ.

ರೋಮಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಕ್ರಿ.ಶ. 1ರಿಂದ 4ನೆಯ ಶತಮಾನದವರೆಗೆ ಅಲ್ಲಿನ ಸೈನಿಕರು, ವರ್ತಕರು ಗುಹೆಯಂಥ ಮಂದಿರಗಳಲ್ಲಿ ಮಿಥ್ರಾಸನನ್ನು ಪೂಜಿಸಿದರು. ಹೆಂಗಸರಿಗೆ ಪ್ರವೇಶವಿರಲಿಲ್ಲ. 1954ರಲ್ಲಿ ಲಂಡನ್ನಿನಲ್ಲೂ ಅಂಥದೊಂದು ಮಂದಿರ ಪತ್ತೆಯಾಯಿತು. ಹೋರಿಯನ್ನು ಇರಿಯುವ ಈ ದೇವರ ಚಿತ್ರ ಅವೆಸ್ತಾದಲ್ಲೂ ಇಲ್ಲ, ವೇದದಲ್ಲೂ ಇಲ್ಲ. ಬೆಲ್ಜಿಯಂನ ಕ್ಯೂಮಾಂಟ್ ಇದನ್ನು ಇರಾನಿನಿಂದ ಬಂದ ಮತವೆಂದೇ ನಂಬಿದ್ದರು. 1970ರ ದಶಕದಿಂದ ವಿದ್ವಾಂಸರು ಅದನ್ನು ಪ್ರಶ್ನಿಸುತ್ತಿದ್ದಾರೆ. ಡಿಸೆಂಬರ್ 25 ಮಿಥ್ರಾಸನ ಹುಟ್ಟುಹಬ್ಬ, ಕ್ರೈಸ್ತರು ಅದನ್ನು ಕದ್ದರು ಎಂಬ ಮಾತನ್ನು ನೀವೂ ಕೇಳಿರಬಹುದು. 354ರ ರೋಮನ್ ಪಂಚಾಂಗದಲ್ಲಿ ಆ ದಿನಕ್ಕಿರುವುದು 'ಅಜೇಯ'ನ ಜನ್ಮದಿನ ಎಂದಷ್ಟೆ. ಅದನ್ನು ಅಜೇಯ ಸೂರ್ಯನೆಂದು ಓದುತ್ತಾರೆ. ಮಿಥ್ರಾಸನ ಹೆಸರಿಲ್ಲ. ಹಾಗೆಯೇ, ಮಿತ್ರ ನಮ್ಮವನು, ಆದ್ದರಿಂದ ರೋಮೂ ನಮ್ಮದು ಎಂದು ಎದೆ ತಟ್ಟಿಕೊಳ್ಳುವುದೂ ಸಲ್ಲದು. ಹೆಸರು ಒಂದೇ ಆದ ಮಾತ್ರಕ್ಕೆ ದೇವರು ಒಬ್ಬನೇ ಆಗಬೇಕಿಲ್ಲ. ನಮ್ಮೂರಿನಲ್ಲಿ ಎಷ್ಟು ಜನ ರಾಮಣ್ಣರಿಲ್ಲ?

ಇಷ್ಟೆಲ್ಲ ಕೇಳಿದ ಮೇಲೆ ಟರ್ಕಿಗೋ ಲಂಡನ್ನಿಗೋ ಹೋಗಲಾಗದವರು ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿ ಒಮ್ಮೆ ನಡೆದುಬನ್ನಿ. ಅಲ್ಲಿ ಪಾರ್ಸಿಗಳ ಅಗ್ನಿಮಂದಿರವಿದೆ. ಅದರ ಹೆಸರಿನಲ್ಲಿ 'ದರ್-ಎ-ಮೆಹರ್' ಎಂಬ ಪದವಿದೆ: ಮಿಥ್ರನ ಬಾಗಿಲು.