ಹಳೆಯ ವಾಹನ, ಹೊಸ ಸವಾರ

ಶಿವಮೊಗ್ಗದ ನವುಲೆಯಲ್ಲಿ, ಜವಾಹರಲಾಲ್ ನೆಹರೂ ಎಂಜಿನಿಯರಿಂಗ್ ಕಾಲೇಜಿನ ಆಸುಪಾಸಿನ ಸವಳಂಗ ರಸ್ತೆಯಲ್ಲಿ, ಪ್ರಥಮ ಬಾರಿಗೆ ಹಳೆಯ ಬೈಕೊಂದನ್ನು ಕೊಳ್ಳಹೊರಟ ತರುಣನ ದೃಷ್ಟಿ ಹೊಳೆಯುವ ಟ್ಯಾಂಕಿನ ಮೇಲೆಯೇ ಮೊದಲು ನೆಲೆಸುವುದು ಸಹಜವು. ಆದರೆ ಬಣ್ಣವನ್ನು ಯಾರಾದರೂ ಒಂದೇ ದಿನದಲ್ಲಿ ಬಳಿಯಬಲ್ಲರು. ಚೈನಿನ ಸಡಿಲು, ಟೈರಿನ ಸವೆತ, ತಣ್ಣಗಿರುವ ಎಂಜಿನ್ನು ಮೊದಲಿಗೆ ಹೊರಡಿಸುವ ಸದ್ದು, ಇವು ಮಾತ್ರ ಹಿಂದಿನ ಒಡೆಯನ ನಡತೆಯನ್ನು ಮರೆಮಾಚದೆ ನುಡಿಯುತ್ತವೆ. ಸೈಲೆನ್ಸರಿನಿಂದ ನೀಲಿ ಹೊಗೆ ಹೊರಟರೆ ಒಳಗೆ ಆಯಿಲು ಉರಿಯುತ್ತಿದೆಯೆಂದೇ ತಿಳಿಯಬೇಕು. ಚಾಸಿ ಸಂಖ್ಯೆ ಆರ್‌ಸಿಯೊಡನೆ ಹೊಂದಲೇಬೇಕು. ಎರಡೂ ಪಾದಗಳು ನೆಲಕ್ಕೆ ನಿಲುಕುವಂಥ, ಹಗುರವಾದ ವಾಹನವೇ ಕಲಿಯುವವನಿಗೆ ಶ್ರೇಯಸ್ಕರ. ತಂದೆತಾಯಿಗಳೇ, ಮಕ್ಕಳ ಕೈಗೆ ಹಣವನ್ನು ಕೊಡುವಾಗ ನಂಬಿಕಸ್ಥ ಮೆಕ್ಯಾನಿಕನೊಬ್ಬನನ್ನೂ ಜೊತೆಗೆ ಕಳುಹಿಸಿರಿ. ಹೆಲ್ಮೆಟ್ಟನ್ನು ಮಾತ್ರ ಹೊಸತನ್ನೇ ಕೊಡಿಸಿರಿ.